ಅಂಗೈ ಮೇಲಿನ ದಂಡನಾಯಕನ ಬಂಡಿ

ದೊಡ್ಡ ವಸ್ತುವೊಂದನ್ನು ಕಿರಿದುಗೊಳಿಸಿ ನಿರ್ಮಿಸುವ ಹವ್ಯಾಸ ಮನುಷ್ಯನಿಗೆ ಬಹು ಪ್ರಾಚೀನ ಕಾಲದಿಂದಲೂ ಇದೆ. ಮಣ್ಣೆತ್ತಿನ ಅಮಾವಾಸ್ಯೆಯಂದು ನಮ್ಮ ಕಡೆಯ ಮನೆಮನೆಗಳಲ್ಲಿ ಎರೆಮಣ್ಣಿನಿಂದ ಮಾಡಿ ಪೂಜಿಸುವ ಎತ್ತುಗಳೂ ಒಂದು ಬಗೆಯ ಮಾದರಿಗಳೇ. ಆದರೆ ಆ ಎತ್ತಿನ ಕೊಂಬು ಎಷ್ಟು ಉದ್ದವಿರಬೇಕು, ಗೊರಸು ಎಷ್ಟು ಅಗಲವಿರಬೇಕು ಎಂದು ಯಾರೂ ಅಳೆದು ನೋಡುವುದಿಲ್ಲ; ಎತ್ತೆಂದು ಗುರುತು ಸಿಕ್ಕರೆ ಸಾಕು. ಪ್ರಮಾಣಬದ್ಧ ಮಾದರಿಯ ಮಾತು ಬೇರೆ. ಅಲ್ಲಿ ಪ್ರತಿಯೊಂದು ಅಂಗವೂ ಒಂದೇ ಪ್ರಮಾಣದಲ್ಲಿ ಕಿರಿದಾಗಬೇಕು. ಈ ನಿಯಮವನ್ನು ಹೇಳುವುದು ಸುಲಭ. ಪಾಲಿಸಹೊರಟಾಗ ಮಾತ್ರ ಭೌತವಿಜ್ಞಾನದ ಅನೇಕ ತತ್ತ್ವಗಳು ಒಂದೊಂದಾಗಿ ಎದುರು ಬಂದು ನಿಲ್ಲುತ್ತವೆ. ಸೈನ್ಯದ ಆಜ್ಞಾವಾಹನವೊಂದನ್ನು ನಿದರ್ಶನವಾಗಿಟ್ಟುಕೊಂಡು ಆ ತತ್ತ್ವಗಳನ್ನು ಇಲ್ಲಿ ಪರಿಶೀಲಿಸೋಣ.

ಆಜ್ಞಾವಾಹನವೆಂದರೇನು?

ಸೈನ್ಯವನ್ನು ನಡೆಸುವವನು ರಣರಂಗವನ್ನು ಕಾಣಬೇಕು, ತನ್ನ ಆಜ್ಞೆಗಳನ್ನು ತಲುಪಿಸಬೇಕು. ಆದರೆ ತಾನು ಶತ್ರುವಿಗೆ ಸಿಕ್ಕಬಾರದು. ಈ ಮೂರನ್ನೂ ಒಟ್ಟಿಗೆ ಸಾಧಿಸುವುದು ಕಷ್ಟ. 1565ರಲ್ಲಿ ಕೃಷ್ಣಾತೀರದಲ್ಲಿ ನಡೆದ ರಕ್ಕಸಗಿ-ತಂಗಡಗಿ ಯುದ್ಧದಲ್ಲಿ ವೃದ್ಧನಾದ ಅಳಿಯ ರಾಮರಾಯನು ಪಲ್ಲಕ್ಕಿಯಲ್ಲಿ ಕುಳಿತು ಸೈನ್ಯ ನಡೆಸಿದನೆಂದೂ, ಆನೆಯೊಂದು ನುಗ್ಗಿಬಂದಾಗ ಹೊರುವವರು ಅದನ್ನು ಬಿಟ್ಟೋಡಿದ್ದರಿಂದ ಸೆರೆಸಿಕ್ಕನೆಂದೂ ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ದಂಡನಾಯಕನ ವಾಹನ ಎಲ್ಲರಿಗೂ ಕಾಣುವಂತಿದ್ದರೆ ಒದಗುವ ಅಪಾಯಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ರೇಡಿಯೋ ಬಂದ ಮೇಲೆ ಪಲ್ಲಕ್ಕಿಯ ಸ್ಥಾನಕ್ಕೆ ಉಕ್ಕಿನ ಕೋಣೆ ಬಂದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಲಂಡನ್ನಿನ ಬಸ್ಸುಗಳನ್ನು ತಯಾರಿಸಿ ಹೆಸರಾಗಿದ್ದ ಎ.ಇ.ಸಿ. ಕಂಪೆನಿಯು ತನ್ನ ಮ್ಯಾಟಡರ್ ಲಾರಿಯ ಅಡಿಕಟ್ಟಿನ ಮೇಲೆ ಉಕ್ಕಿನ ಹಲಗೆಗಳ ದೊಡ್ಡ ಪೆಟ್ಟಿಗೆಯನ್ನು ಕೂರಿಸಿ ಬ್ರಿಟಿಷ್ ಸೈನ್ಯಕ್ಕೆ ಒದಗಿಸಿತು. ಒಳಗೆ ನಕ್ಷೆಗಳನ್ನು ಹರಡುವ ಮೇಜು, ರೇಡಿಯೋ ಯಂತ್ರಗಳು, ಏಳೆಂಟು ಜನಕ್ಕೆ ಸ್ಥಳ. ಇಷ್ಟು ಅನುಕೂಲವಿದ್ದುದರಿಂದ ಸೈನಿಕರು ಲಂಡನ್ನಿನ ವೈಭವದ ಹೋಟೆಲೊಂದರ ಹೆಸರನ್ನೇ ಇದಕ್ಕಿಟ್ಟು ‘ಡಾರ್ಚೆಸ್ಟರ್’ ಎಂದು ಕರೆದರು. ಉದ್ದ ಸುಮಾರು 6.1 ಮೀಟರು, ಎತ್ತರ 2.9 ಮೀಟರು, ತೂಕ ಸುಮಾರು 12 ಟನ್ನು. ಉಕ್ಕಿನ ದಪ್ಪ 12 ಮಿಲಿಮೀಟರು. 95 ಅಶ್ವಶಕ್ತಿಯ ಡೀಸೆಲ್ ಎಂಜಿನ್ನು.

ಈ ವಾಹನದ ಕಥೆಯಲ್ಲಿ ಭಾರತೀಯರಿಗೂ ಒಂದು ಪಾಲಿದೆ. 1941ರ ಏಪ್ರಿಲ್ 8ರಂದು ಲಿಬಿಯದ ಮೆಕಿಲಿ ಎಂಬಲ್ಲಿ ಜರ್ಮನ್ ಮತ್ತು ಇಟಾಲಿಯನ್ ಪಡೆಗಳು ಮುತ್ತಿಗೆ ಹಾಕಿ ಗೆದ್ದಾಗ ಅಲ್ಲಿ ಕಾದಾಡಿದವರಲ್ಲಿ ಭಾರತೀಯ ಮೂರನೆಯ ಮೋಟಾರು ಬ್ರಿಗೇಡಿನವರೂ ಇದ್ದರು. ಮೇಜರ್ ಜನರಲ್ ಗ್ಯಾಂಬಿಯರ್-ಪ್ಯಾರಿ ಅಲ್ಲಿ ಸೆರೆಯಾದರು. ಆ ದಿನಗಳ ಹೋರಾಟದಲ್ಲಿ ವೈರಿಗಳ ಪಾಲಾದ ಡಾರ್ಚೆಸ್ಟರುಗಳಲ್ಲಿ ಒಂದನ್ನು ಜರ್ಮನ್ ಸೇನಾನಿ ರೊಮ್ಮೆಲ್ ತನ್ನ ಸ್ವಂತ ಆಜ್ಞಾವಾಹನವನ್ನಾಗಿ ಮಾಡಿಕೊಂಡನು. ಜರ್ಮನರು ಅದರ ಗಾತ್ರವನ್ನು ಕಂಡು ‘ಮಾಮುಟ್’, ಎಂದರೆ ಪುರಾತನ ಮಹಾಗಜ, ಎಂದು ಹೆಸರಿಟ್ಟು ಅದರ ಪಕ್ಕಗಳಲ್ಲಿ ತಮ್ಮ ಶಿಲುಬೆಯ ಗುರುತನ್ನು ಬರೆದರು. ಒಂದೇ ವಾಹನ, ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ ಒಂದು ಸೈನ್ಯದ್ದು, ಎರಡನೆಯ ವಾರದಲ್ಲಿ ಇನ್ನೊಂದರದ್ದು! ಆದುದರಿಂದ ಮಾದರಿ ಮಾಡುವವನು ಕೇಳಿಕೊಳ್ಳಬೇಕಾದ ಮೊದಲನೆಯ ಪ್ರಶ್ನೆ ‘ಯಾವ ವಾಹನ?’ ಎಂಬುದಷ್ಟೇ ಅಲ್ಲ, ‘ಯಾವ ದಿನದ ವಾಹನ?’ ಎಂಬುದೂ ಹೌದು.

ಮೂವತ್ತೈದರಲ್ಲಿ ಒಂದು

ಯುದ್ಧವಾಹನಗಳ ಮಾದರಿಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ಪ್ರಮಾಣಗಳು 1/72, 1/48 ಮತ್ತು 1/35. ಮೊದಲಿನೆರಡಕ್ಕೆ ಲೆಕ್ಕದ ಆಧಾರವಿದೆ. ಆರು ಅಡಿಗೆ ಒಂದು ಅಂಗುಲವೆಂದರೆ 1/72. ಒಂದು ಅಡಿಗೆ ಕಾಲು ಅಂಗುಲವೆಂದರೆ 1/48. ಮೂರನೆಯದಕ್ಕೆ ಅಂಥ ಆಧಾರವಿಲ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ಟಮಿಯ ಕಂಪೆನಿಯು ಮೋಟಾರಿನಿಂದ ಚಲಿಸುವ ಪ್ಯಾಂಥರ್ ಟ್ಯಾಂಕಿನ ಮಾದರಿಯನ್ನು ತಯಾರಿಸಿದಾಗ, ಒಳಗೆ ಬ್ಯಾಟರಿಗಳು ಹಿಡಿಸುವಂತೆ ಅದರ ಅಗಲವನ್ನು ನಿಶ್ಚಯಿಸಿತು. ಆ ಬಳಿಕ ಅಳೆದು ನೋಡಿದಾಗ ಅದು ನಿಜವಾದ ಟ್ಯಾಂಕಿನ ಸುಮಾರು 35ರಲ್ಲಿ ಒಂದು ಭಾಗವಾಗಿತ್ತು. ಹೀಗೆ ಆಕಸ್ಮಿಕವಾಗಿ ಹುಟ್ಟಿದ ಪ್ರಮಾಣ ಇಂದು ಜಗತ್ತಿಗೆಲ್ಲ ರೂಢಿಯಾಗಿದೆ.

ಇದರಂತೆ ಡಾರ್ಚೆಸ್ಟರಿನ ಮಾದರಿಯ ಉದ್ದ 174 ಮಿ.ಮೀ., ಎತ್ತರ 83 ಮಿ.ಮೀ. ಆಗುವುದು. ಅಂಗೈ ಮೇಲೆ ಆನೆ ನಿಂತಂತೆ! ಆದರೆ ಉದ್ದ 35ರಲ್ಲಿ ಒಂದು ಭಾಗವಾದಾಗ ಕ್ಷೇತ್ರಫಲವು 35×35, ಎಂದರೆ 1,225ರಲ್ಲಿ ಒಂದು ಭಾಗವಾಗುತ್ತದೆ. ಘನಫಲವು 42,875ರಲ್ಲಿ ಒಂದು ಭಾಗವಾಗುತ್ತದೆ. ಅದೇ ಉಕ್ಕಿನಿಂದ ಅದೇ ಪ್ರಮಾಣದಲ್ಲಿ ಮಾದರಿಯನ್ನು ಮಾಡಿದರೆ 12 ಟನ್ನಿನ ವಾಹನ ಬರಿಯ 280 ಗ್ರಾಂ ತೂಗುವುದು. ಪ್ಲಾಸ್ಟಿಕ್ಕಿನದಾದರೆ ಇನ್ನೂ ಕಡಿಮೆ.

ಈ ಹಗುರತನ ಕಣ್ಣಿಗೂ ಕಾಣುತ್ತದೆ. ನಿಜವಾದ ವಾಹನದ ನಾಲ್ಕು ಟೈರುಗಳ ಮೇಲೆ ತಲಾ 3 ಟನ್ನು ಭಾರ ಬೀಳುತ್ತದೆ. ಟೈರಿನೊಳಗಿನ ಒತ್ತಡ ಚದರ ಸೆಂಟಿಮೀಟರಿಗೆ 3 ಕಿಲೋಗ್ರಾಮಿನಷ್ಟು ಎಂದು ಭಾವಿಸಿದರೆ, ಭಾರವನ್ನು ಹೊರಲು 1,000 ಚದರ ಸೆಂ.ಮೀ. ನೆಲವನ್ನು ಟೈರು ಮುಟ್ಟಬೇಕು. ಎಂದರೆ 34 ಸೆಂ.ಮೀ. ಅಗಲದ ಟೈರು ಸುಮಾರು 29 ಸೆಂ.ಮೀ. ಉದ್ದಕ್ಕೆ ಚಪ್ಪಟೆಯಾಗಬೇಕು. ಮಾದರಿಯ ಟೈರು ತನ್ನ ಭಾರಕ್ಕೆ ಎಳ್ಳಷ್ಟೂ ಬಗ್ಗದು. ಆದಕಾರಣ ಅದರ ತಳವನ್ನು ಅರದಿಂದ ಉಜ್ಜಿ 8 ಮಿ.ಮೀ. ಉದ್ದದ ಚಪ್ಪಟೆ ಜಾಗವನ್ನು ಮಾಡಿಕೊಡಬೇಕು. ಇಷ್ಟು ಮಾಡಿದೊಡನೆ ಹಗುರವಾದ ಪ್ಲಾಸ್ಟಿಕ್ಕಿನ ಪೆಟ್ಟಿಗೆ ನೆಲವನ್ನು ಅದುಮಿ ನಿಂತ ಉಕ್ಕಿನಂತೆ ತೋರುತ್ತದೆ.

ಅಳತೆಯ ಮಾತು

ವಾಹನವೇ ಎದುರಿಗಿದ್ದರೆ ಟೇಪು ಹಿಡಿದು ಅಳೆಯಬಹುದು. 1994ರಲ್ಲಿ ಅಹಮದ್‌ನಗರದಲ್ಲಿ, ಎಂದರೆ ಇಂದಿನ ಅಹಲ್ಯಾನಗರದಲ್ಲಿ, ಸ್ಥಾಪಿತವಾದ ಸೈನ್ಯದ ಟ್ಯಾಂಕು ವಸ್ತುಸಂಗ್ರಹಾಲಯದಲ್ಲಿ ಅನೇಕ ಹಳೆಯ ಯುದ್ಧವಾಹನಗಳನ್ನು ಪ್ರತ್ಯಕ್ಷವಾಗಿ ನೋಡಬಹುದು. ಆದರೆ ಬಹುತೇಕ ಸಂದರ್ಭಗಳಲ್ಲಿ ನಮಗೆ ದೊರೆಯುವುದು ಛಾಯಾಚಿತ್ರ ಮಾತ್ರ. ಅದರಿಂದ ಅಳತೆ ತೆಗೆಯುವ ಬಗೆ ಹೇಗೆ?

ಇಲ್ಲಿ ಪ್ರೌಢಶಾಲೆಯಲ್ಲಿ ಕಲಿತ ಸಮರೂಪ ತ್ರಿಕೋನಗಳು ನೆರವಿಗೆ ಬರುತ್ತವೆ. ಚಿತ್ರದಲ್ಲಿ ನಿಜವಾದ ಅಳತೆ ತಿಳಿದಿರುವ ಒಂದು ವಸ್ತು ಇದ್ದರೆ ಸಾಕು. ಚಕ್ರದ ರಿಮ್ಮು ಇದಕ್ಕೆ ಬಹಳ ಯೋಗ್ಯ. ಟೈರಿನ ಸಂಖ್ಯೆಯ ಕೊನೆಯಲ್ಲಿ 20 ಎಂದಿದ್ದರೆ ರಿಮ್ಮಿನ ವ್ಯಾಸ 20 ಅಂಗುಲ, ಎಂದರೆ 508 ಮಿ.ಮೀ. ಚಿತ್ರದಲ್ಲಿ ಅದು 12.7 ಮಿ.ಮೀ. ಇದ್ದರೆ ಚಿತ್ರದ ಒಂದು ಮಿಲಿಮೀಟರು ವಾಹನದ 40 ಮಿಲಿಮೀಟರಿಗೆ ಸಮ. ಚಿತ್ರದ ವಾಹನ 152 ಮಿ.ಮೀ. ಉದ್ದವಿದ್ದರೆ ನಿಜವಾದ ಉದ್ದ 6.08 ಮೀಟರು. ಆದರೆ ಚಿತ್ರವನ್ನು ಪಕ್ಕದಿಂದ ನೇರವಾಗಿ ತೆಗೆದಿರಬೇಕು. ಅಳೆಯುವ ಭಾಗವೂ ಚಕ್ರವೂ ಒಂದೇ ಸಮತಲದಲ್ಲಿರಬೇಕು. 20 ಮೀಟರು ದೂರದಿಂದ ತೆಗೆದ ಚಿತ್ರದಲ್ಲಿ ಚಕ್ರಕ್ಕಿಂತ ಒಂದು ಮೀಟರು ಹಿಂದಿರುವ ಭಾಗವು ನೂರಕ್ಕೆ ಐದರಷ್ಟು ಕಿರಿದಾಗಿ ಕಾಣುವುದರಿಂದ, ಅದನ್ನು ಹಾಗೆಯೇ ಅಳೆದರೆ ಅಷ್ಟೇ ದೋಷ ನಮ್ಮ ಲೆಕ್ಕಕ್ಕೂ ಬರುತ್ತದೆ.

ಇನ್ನು ಮಾದರಿಯನ್ನು ಕತ್ತರಿಸುವಾಗ ಆಗುವ ದೋಷ. ಸಾಧಾರಣ ಅಳತೆಪಟ್ಟಿಯಲ್ಲಿ ಅರ್ಧ ಮಿಲಿಮೀಟರು ತಪ್ಪಿದರೆ ನಿಜವಾದ ವಾಹನದಲ್ಲಿ 17.5 ಮಿ.ಮೀ. ತಪ್ಪಿದಂತೆ. ನಮ್ಮ ಪ್ರಯೋಗಶಾಲೆಯ ವರ್ನಿಯರ್ ಕ್ಯಾಲಿಪರಿನ ಕನಿಷ್ಠ ಅಳತೆ 0.1 ಮಿ.ಮೀ.; ಅದು ವಾಹನದಲ್ಲಿ 3.5 ಮಿ.ಮೀ. ಆಗುತ್ತದೆ. ಮೊದಲ ವರ್ಷದ ವಿದ್ಯಾರ್ಥಿಗಳು ಬೇಸರದಿಂದ ಬಳಸುವ ಈ ಸಾಧನದ ಬೆಲೆ ಇಲ್ಲಿ ತಾನಾಗಿಯೇ ತಿಳಿದುಬರುತ್ತದೆ.

ಕಟ್ಟುವ ಸಾಮಗ್ರಿ

ಅಂಗಡಿಯಲ್ಲಿ ದೊರೆಯುವ ಜೋಡಣೆಯ ಪೆಟ್ಟಿಗೆಗಳು ಬೆಲೆಯುಳ್ಳವು. ಅವಿಲ್ಲದೆಯೂ ಕೆಲಸ ನಡೆಯುತ್ತದೆ. ಒಂದು ಮಿಲಿಮೀಟರು ದಪ್ಪದ ಪ್ಲಾಸ್ಟಿಕ್ ಹಾಳೆ ಅಥವಾ ಗಟ್ಟಿಯಾದ ರಟ್ಟಿನಿಂದ ಪೆಟ್ಟಿಗೆಯನ್ನು ಕಟ್ಟಬಹುದು. ಆದರೆ ಒಂದು ಮಾತನ್ನು ಮರೆಯಬಾರದು. ವಾಹನದ ಉಕ್ಕಿನ ದಪ್ಪ 12 ಮಿ.ಮೀ.; ಮಾದರಿಯಲ್ಲಿ ಅದು 0.34 ಮಿ.ಮೀ. ಆಗಬೇಕು. ಒಂದು ಮಿಲಿಮೀಟರಿನ ಹಾಳೆಯೆಂದರೆ 35 ಮಿ.ಮೀ. ದಪ್ಪದ ಉಕ್ಕು! ಹಾಳೆಯ ಅಂಚು ಹೊರಗೆ ಕಾಣದ ಕಡೆ ಇದರಿಂದ ಬಾಧೆಯಿಲ್ಲ. ತೆರೆದ ಬಾಗಿಲು, ಕಿಟಕಿ, ಮೇಲ್ಮುಚ್ಚಳಗಳ ಅಂಚುಗಳನ್ನು ಮಾತ್ರ ಉಜ್ಜಿ ತೆಳುವಾಗಿಸತಕ್ಕದ್ದು.

ಆಜ್ಞಾವಾಹನವನ್ನು ಉಳಿದ ವಾಹನಗಳಿಂದ ಬೇರ್ಪಡಿಸುವ ಮುಖ್ಯ ಲಕ್ಷಣ ಅದರ ಆಂಟೆನಾಗಳು. ಇವುಗಳ ಉದ್ದವನ್ನು ಮನಸ್ಸಿಗೆ ಬಂದಂತೆ ಇಡುವಂತಿಲ್ಲ. ಅದನ್ನು ನಿರ್ಧರಿಸುವುದು ರೇಡಿಯೋ ಅಲೆಯ ಉದ್ದ. ಸರಳವಾದ ಆಂಟೆನಾ ಕಡ್ಡಿ ಅಲೆಯುದ್ದದ ಕಾಲುಭಾಗದ ಸಮೀಪದಲ್ಲಿದ್ದಾಗ ಚೆನ್ನಾಗಿ ಕೆಲಸ ಮಾಡುತ್ತದೆ. ಜರ್ಮನ್ ಟ್ಯಾಂಕುಗಳ ರೇಡಿಯೋ ಸೆಕೆಂಡಿಗೆ ಸುಮಾರು 3 ಕೋಟಿ ಕಂಪನಗಳ ಅಲೆಗಳನ್ನು ಬಳಸುತ್ತಿತ್ತು. ಬೆಳಕಿನ ವೇಗವನ್ನು ಇದರಿಂದ ಭಾಗಿಸಿದರೆ ಅಲೆಯುದ್ದ 10 ಮೀಟರು. ಕಾಲುಭಾಗ ಎರಡೂವರೆ ಮೀಟರು. ಅವರ ಕಡ್ಡಿ ಎರಡು ಮೀಟರಿನದು. ಮಾದರಿಯಲ್ಲಿ 57 ಮಿ.ಮೀ. ಆದರೆ ದೂರದ ಮುಖ್ಯ ಠಾಣ್ಯದೊಡನೆ ಮಾತಾಡಬೇಕಾದ ಆಜ್ಞಾವಾಹನಕ್ಕೆ ಇನ್ನೂ ಉದ್ದವಾದ ಅಲೆಗಳು ಬೇಕಾಗುತ್ತಿದ್ದವು. ಅವಕ್ಕೆ ತಕ್ಕಷ್ಟು ಉದ್ದದ ಕಡ್ಡಿಯನ್ನು ಓಡುವ ವಾಹನದ ಮೇಲೆ ನಿಲ್ಲಿಸಲಾಗದು. ಅದಕ್ಕಾಗಿಯೇ ಕೆಲವು ವಾಹನಗಳ ನೆತ್ತಿಯ ಮೇಲೆ ಮಂಚದ ಚೌಕಟ್ಟಿನಂಥ ದೊಡ್ಡ ಆಂಟೆನಾಗಳನ್ನು ಕೂರಿಸಿದರು. ಇದರಿಂದ ವಾಹನದ ಗುಟ್ಟು ಶತ್ರುವಿಗೆ ದೂರದಿಂದಲೇ ಬಯಲಾಗುತ್ತಿತ್ತು. ಕೆಲವು ಜರ್ಮನ್ ಆಜ್ಞಾಟ್ಯಾಂಕುಗಳಲ್ಲಿ ಒಳಗೆ ಜಾಗ ಬೇಕೆಂದು ಫಿರಂಗಿಯನ್ನೇ ತೆಗೆದು, ಹೊರಗೆ ಹುಸಿ ಫಿರಂಗಿಯೊಂದನ್ನು ಜೋಡಿಸಿ ಉಳಿದ ಟ್ಯಾಂಕುಗಳಂತೆ ಕಾಣುವಂತೆ ಮಾಡಿದ್ದುಂಟು. ರಾಮರಾಯನ ಪಲ್ಲಕ್ಕಿಯ ಸಮಸ್ಯೆ ಇಲ್ಲಿಯೂ ಬೆನ್ನುಬಿಡಲಿಲ್ಲವೆಂದು ಹೇಳಬಹುದು.

ಐದು ಮಿ.ಮೀ. ದಪ್ಪದ ಆಂಟೆನಾ ಕಡ್ಡಿ ಮಾದರಿಯಲ್ಲಿ 0.14 ಮಿ.ಮೀ. ಆಗಬೇಕು. ಇಷ್ಟು ಸಣ್ಣ ತಂತಿ ಎಲ್ಲಿ ದೊರೆಯುತ್ತದೆ? ಕಾಲುವೆಯ ನೀರೂ ಪಂಪ್‌ಸೆಟ್ಟುಗಳೂ ಇರುವ ಸಿಂಧನೂರಿನಂಥ ಊರಿನಲ್ಲಿ ಮೋಟಾರು ಸುತ್ತುವ ಅಂಗಡಿಗಳಿಗೆ ಬರವಿಲ್ಲ. 38ನೆಯ ಗೇಜಿನ ತಾಮ್ರದ ತಂತಿಯ ವ್ಯಾಸ 0.15 ಮಿ.ಮೀ. ಮೊಳದಷ್ಟು ತಂತಿ ಏಳೆಂಟು ಆಂಟೆನಾಗಳಿಗೆ ಸಾಕು. ಬಾಲ್‌ಪೆನ್ನಿನ ಖಾಲಿ ರಿಫಿಲ್ಲು ಮೂರು ಮಿ.ಮೀ. ದಪ್ಪವಿದ್ದರೆ ಅದೇ ಹತ್ತು ಸೆಂಟಿಮೀಟರಿನ ಹೊಗೆಕೊಳವೆಯಾಗುತ್ತದೆ.

ಬಣ್ಣದ ವಿಜ್ಞಾನ

ಬಣ್ಣ ಹಚ್ಚುವುದರಲ್ಲಿ ಎರಡು ಸಮಸ್ಯೆಗಳಿವೆ: ಯಾವ ಬಣ್ಣ ಮತ್ತು ಎಷ್ಟು ದಪ್ಪ.

ಹಳೆಯ ಕಪ್ಪುಬಿಳುಪು ಚಿತ್ರಗಳನ್ನು ನೋಡಿ ಬಣ್ಣವನ್ನು ನಿರ್ಧರಿಸುವುದು ಸಾಧ್ಯವಿಲ್ಲ. ಅಂದು ಬಳಕೆಯಲ್ಲಿದ್ದ ಕೆಲವು ಬಗೆಯ ಫಿಲ್ಮುಗಳು ಕೆಂಪು ಬೆಳಕನ್ನು ಗ್ರಹಿಸುತ್ತಲೇ ಇರಲಿಲ್ಲ. ಅವುಗಳಲ್ಲಿ ಕೆಂಪು ಬಣ್ಣ ಕಪ್ಪಾಗಿಯೇ ಮೂಡುತ್ತಿತ್ತು. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಫಿಲ್ಮಿನಲ್ಲಿಯೂ ಹಸಿರು ಮತ್ತು ಕಂದು ಒಂದೇ ಬೂದಿಯಾಗಿ ತೋರಬಹುದು. ಆದುದರಿಂದ ಚಿತ್ರದಿಂದ ತಿಳಿಯುವುದು ಹೊಳಪಿನ ಏರಿಳಿತ ಮಾತ್ರ. ಬಣ್ಣವನ್ನು ತಿಳಿಯಲು ಸೈನ್ಯದ ಲಿಖಿತ ಆಜ್ಞೆಗಳನ್ನೂ ಉಳಿದಿರುವ ವಾಹನಗಳ ಹಳೆಯ ಬಣ್ಣದ ಪದರಗಳನ್ನೂ ಆಶ್ರಯಿಸಬೇಕು.

ನಿಜವಾದ ಬಣ್ಣ ದೊರೆತರೂ ಅದನ್ನು ಹಾಗೆಯೇ ಹಚ್ಚಿದ ಮಾದರಿ ಅಗತ್ಯಕ್ಕಿಂತ ಕಡುವಾಗಿ ಕಾಣುತ್ತದೆ. ಆದಕಾರಣ ಸ್ವಲ್ಪ ಬಿಳುಪನ್ನು ಬೆರೆಸಬೇಕೆಂದು ಹವ್ಯಾಸಿಗಳು ಹೇಳುತ್ತಾರೆ. ದೂರದ ಬೆಟ್ಟಗಳು ಗಾಳಿಯ ಕಾರಣದಿಂದ ಮಸುಕಾಗಿ ಕಾಣುವಂತೆ, ಮಾದರಿಯೂ ಮಸುಕಾಗಿರಬೇಕೆಂಬುದು ಅವರು ಸಾಧಾರಣವಾಗಿ ಕೊಡುವ ವಿವರಣೆ. ಇದನ್ನು ಲೆಕ್ಕ ಹಾಕಿ ನೋಡೋಣ. ಮಾದರಿಯನ್ನು 35 ಸೆಂ.ಮೀ. ದೂರದಿಂದ ನೋಡುವುದು ನಿಜವಾದ ವಾಹನವನ್ನು ಸುಮಾರು 12 ಮೀಟರು ದೂರದಿಂದ ನೋಡಿದಂತೆ. ಹತ್ತು ಕಿಲೋಮೀಟರು ದೂರದವರೆಗೆ ದೃಷ್ಟಿ ಹಾಯುವ ದಿನದಲ್ಲಿ 12 ಮೀಟರು ಗಾಳಿ ಕಸಿದುಕೊಳ್ಳುವ ವ್ಯತ್ಯಾಸ ಸಾವಿರಕ್ಕೆ ಐದು ಭಾಗ ಮಾತ್ರ. ಕಣ್ಣಿಗೆ ಅದು ತಿಳಿಯದು. ಹಾಗಾದರೆ ಗಾಳಿಯ ವಿವರಣೆ ನಿಲ್ಲುವುದಿಲ್ಲ.

ನಿಜವಾದ ಕಾರಣ ಬೆಳಕಿನಲ್ಲಿದೆ. ನಡುಹಗಲಿನ ಬಿಸಿಲಿನ ಪ್ರಕಾಶ ಸುಮಾರು ಒಂದು ಲಕ್ಷ ಲಕ್ಸ್. ಕೋಣೆಯ ದೀಪದ ಪ್ರಕಾಶ ಕೆಲವು ನೂರು ಲಕ್ಸ್. ಬೆಳಕು ಕಡಿಮೆಯಾದಾಗ ನಮ್ಮ ಕಣ್ಣಿಗೆ ಬಣ್ಣಗಳು ತಮ್ಮ ಕಳೆಯನ್ನು ಕಳೆದುಕೊಂಡು ಕಪ್ಪಿನ ಕಡೆಗೆ ವಾಲಿದಂತೆ ತೋರುತ್ತವೆ. ಬಿಳುಪನ್ನು ಬೆರೆಸುವುದು ಈ ಕೊರತೆಯನ್ನು ತುಂಬುವ ಉಪಾಯ. ಹವ್ಯಾಸಿಗಳ ಪದ್ಧತಿ ಸರಿ; ಅದಕ್ಕೆ ಅವರು ಕೊಡುವ ಕಾರಣ ಮಾತ್ರ ಸರಿಯಲ್ಲ. ವಿಜ್ಞಾನದಲ್ಲಿ ಇಂಥ ಸಂದರ್ಭಗಳು ವಿರಳವೇನಲ್ಲ. ಕಾರಣವನ್ನು ಸರಿಯಾಗಿ ಅರಿತವನಿಗೆ ಒಂದು ಲಾಭವುಂಟು: ತನ್ನ ಮಾದರಿಯನ್ನು ಬಿಸಿಲಿನಲ್ಲಿಟ್ಟು ತೋರಿಸಬೇಕಾದಾಗ ಅವನು ಬಿಳುಪನ್ನು ಬೆರೆಸುವುದಿಲ್ಲ.

ಇನ್ನು ದಪ್ಪ. ಕುಂಚದಿಂದ ಒರಟಾಗಿ ಹಚ್ಚಿದ ಬಣ್ಣದ ಪದರ 0.1 ಮಿ.ಮೀ. ಇದ್ದರೆ, ಅದು ವಾಹನದ ಮೇಲೆ 3.5 ಮಿ.ಮೀ. ಗಾರೆ ಮೆತ್ತಿದಂತೆ. 0.3 ಮಿ.ಮೀ.ನ ರಿವೆಟ್ಟಿನ ತಲೆಗಳು ಅದರೊಳಗೆ ಹೂತುಹೋಗುತ್ತವೆ. ಆದಕಾರಣ ಬಣ್ಣವನ್ನು ತೆಳುವಾಗಿ ಕಲಸಿ, ಒಂದು ಪದರ ಒಣಗಿದ ಮೇಲೆ ಇನ್ನೊಂದನ್ನು ಹಚ್ಚಬೇಕು. ಗಾಳಿಯ ರಭಸದಿಂದ ಬಣ್ಣವನ್ನು ತುಂತುರಾಗಿ ಚಿಮ್ಮಿಸುವ ಏರ್‌ಬ್ರಷ್ ದೊರೆತರೆ ಇನ್ನೂ ಒಳ್ಳೆಯದು. ಅಲ್ಲಿ ಕಿರಿದಾದ ರಂಧ್ರದಲ್ಲಿ ಗಾಳಿ ವೇಗವಾಗಿ ಹರಿಯುವಾಗ ಒತ್ತಡ ಕಡಿಮೆಯಾಗಿ ಬಣ್ಣ ತಾನೇ ಮೇಲೇರಿ ಹನಿಹನಿಯಾಗಿ ಒಡೆಯುತ್ತದೆ.

ಧೂಳು ಮತ್ತು ಕೆಸರು

ಮರುಭೂಮಿಯ ವಾಹನಕ್ಕೆ ಧೂಳು ಬೇಕು. ಹಳ್ಳದ ಮರಳನ್ನು ತಂದು ಅಂಟಿಸಿದರೆ ಆಗುವುದೇನು? ಅರ್ಧ ಮಿಲಿಮೀಟರಿನ ಮರಳಿನ ಕಣ ಈ ಪ್ರಮಾಣದಲ್ಲಿ 17.5 ಮಿ.ಮೀ.ನ ಕಲ್ಲಾಗುತ್ತದೆ. ಮರುಭೂಮಿಯ ಬದಲು ಜಲ್ಲಿರಾಶಿ ಕಾಣುತ್ತದೆ. ನಮ್ಮ ಎರೆ ಹೊಲದ ಜೇಡಿಯ ಕಣಗಳಾದರೋ ಬಹುತೇಕ ಮಿಲಿಮೀಟರಿನ ಐನೂರರಲ್ಲಿ ಒಂದು ಭಾಗಕ್ಕಿಂತಲೂ ಸಣ್ಣವು. ಒಣಗಿದ ಎರೆಮಣ್ಣನ್ನು ಅರೆದು ತೆಳುವಾದ ಬಟ್ಟೆಯಲ್ಲಿ ಸೋಸಿದರೆ ಮಾದರಿಗೆ ತಕ್ಕ ಕೆಸರು ಸಿದ್ಧ. ಲಿಬಿಯದ ಬಣ್ಣ ಬೇಕಾದರೆ ಮಸಾರಿ ಮಣ್ಣಿನ ಪುಡಿಗೆ ಸುಣ್ಣದ ಪುಡಿಯನ್ನು ಬೆರೆಸಬೇಕು.

ನೀರು ಮಾತ್ರ ನಮ್ಮ ಮಾತನ್ನು ಕೇಳದು. ಅದರ ಮೇಲ್ಮೈ ಎಳೆತ ಮಾದರಿಯೊಡನೆ ಕಿರಿದಾಗುವುದಿಲ್ಲ. ಮೂರು ಮಿ.ಮೀ.ನ ಒಂದು ಹನಿ ಮಾದರಿಯ ಮೇಲೆ ಕುಳಿತರೆ, ವಾಹನದ ಮೇಲೆ ತೆಂಗಿನಕಾಯಿ ಗಾತ್ರದ ಹನಿ ಕುಳಿತಂತೆ ಕಾಣುತ್ತದೆ.

ಮಾದರಿ ಹೇಳಲಾರದ ಮಾತು

ಇಷ್ಟೆಲ್ಲ ಎಚ್ಚರದಿಂದ ಮಾಡಿದ ಮಾದರಿ ರೂಪದಲ್ಲಿ ಸತ್ಯವನ್ನೇ ಹೇಳುತ್ತದೆ. ಆದರೆ ಬಲದ ವಿಷಯದಲ್ಲಿ ಅದನ್ನು ನಂಬಲಾಗದು. ಇದನ್ನು ತಿಳಿಯಲು ಸಿಂಧನೂರಿನ ವಾಚಕರು ದೂರ ಹೋಗಬೇಕಾಗಿಲ್ಲ. ನಮ್ಮ ಗದ್ದೆಗಳಿಗೆ ನೀರುಣಿಸುವ ತುಂಗಭದ್ರೆಯ ಅಣೆಕಟ್ಟನ್ನು ನೆನೆದರೆ ಸಾಕು. ಅದಕ್ಕೆ 60 ಅಡಿ ಅಗಲ, 20 ಅಡಿ ಎತ್ತರದ 33 ಗೇಟುಗಳಿವೆ. ನೀರು ತುದಿಯವರೆಗೆ ನಿಂತಾಗ ಒಂದು ಗೇಟಿನ ಮೇಲೆ ಬೀಳುವ ಒತ್ತಡದ ಬಲ ಸುಮಾರು 340 ಟನ್ನು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಕೆಲವೇ ದಿನಗಳಲ್ಲಿ ತಾತ್ಕಾಲಿಕ ತಡೆಯನ್ನು ಇಳಿಸಿದರಾದರೂ, ಆ ದಿನಗಳಲ್ಲಿ ಎಡದಂಡೆ ಕಾಲುವೆಯ ರೈತರೆಲ್ಲರೂ ಆತಂಕದಿಂದ ಅತ್ತಲೇ ನೋಡುತ್ತಿದ್ದರು.

ಈ ಗೇಟಿನ 1/35 ಪ್ರಮಾಣದ ಉಕ್ಕಿನ ಮಾದರಿಯನ್ನು ಮಾಡಿ, ತಕ್ಕಷ್ಟು ನೀರು ನಿಲ್ಲಿಸಿದೆವೆಂದಿಟ್ಟುಕೊಳ್ಳಿ. ನೀರಿನ ಬಲವೂ ಗೇಟಿನ ತೂಕವೂ 42,875ರಲ್ಲಿ ಒಂದು ಭಾಗಕ್ಕೆ ಇಳಿಯುತ್ತವೆ. 340 ಟನ್ನು 8 ಕಿಲೋಗ್ರಾಮಿನಷ್ಟಾಗುತ್ತದೆ. ಆದರೆ ಚೈನಿನ ಶಕ್ತಿ ಇರುವುದು ಅದರ ಕೊಂಡಿಯ ಅಡ್ಡಕೊಯ್ತದ ಕ್ಷೇತ್ರಫಲದಲ್ಲಿ. ಅದು ಇಳಿಯುವುದು 1,225ರಲ್ಲಿ ಒಂದು ಭಾಗಕ್ಕೆ ಮಾತ್ರ. ಹೀಗಾಗಿ ಮಾದರಿಯ ಚೈನು ತನ್ನ ಭಾರದ ಮಟ್ಟಿಗೆ ನಿಜವಾದ ಚೈನಿಗಿಂತ 35 ಪಟ್ಟು ಗಟ್ಟಿ! ನಿಜವಾದ ಚೈನು ತುಂಡಾಗುವ ಸ್ಥಿತಿಯಲ್ಲಿಯೂ ಮಾದರಿಯ ಚೈನು ನಿಶ್ಚಿಂತೆಯಿಂದ ನಿಲ್ಲುತ್ತದೆ. ಅದನ್ನು ನೋಡಿ ಅಣೆಕಟ್ಟು ಭದ್ರವೆಂದು ತೀರ್ಮಾನಿಸಿದರೆ ಅನರ್ಥವಾದೀತು.

ಹಾಗಾದರೆ ಎಂಜಿನಿಯರುಗಳು ಮಾದರಿಗಳನ್ನೇಕೆ ಬಳಸುತ್ತಾರೆ? ಕೃಷ್ಣರಾಜಸಾಗರದ ಬಳಿಯ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರದಂಥ ಸ್ಥಳಗಳಲ್ಲಿ ನೀರು ಹರಿಯುವ ರೀತಿಯನ್ನು ಮಾದರಿಗಳ ಮೇಲೆ ಪರೀಕ್ಷಿಸುವುದುಂಟು. ಅಲ್ಲಿ ಯಾವ ಗುಣ ಯಾವ ಪ್ರಮಾಣದಲ್ಲಿ ಕಿರಿದಾಗುವುದೆಂಬುದನ್ನು ಮೊದಲೇ ಲೆಕ್ಕ ಹಾಕಿರುತ್ತಾರೆ. ಗುರುತ್ವದಿಂದ ಹರಿಯುವ ನೀರಿನ ವೇಗ ಪ್ರಮಾಣದ ವರ್ಗಮೂಲಕ್ಕೆ ಅನುಗುಣವಾಗಿ ಇಳಿಯುತ್ತದೆ. 1/35ರ ಮಾದರಿಯಲ್ಲಿ ಒಂದು ಗಂಟೆಯ ಪ್ರವಾಹ ಸುಮಾರು ಹತ್ತು ನಿಮಿಷಗಳಲ್ಲಿ ಮುಗಿಯುತ್ತದೆ. ಹರಿವನ್ನು ತಿಳಿಯಲು ಒಂದು ಮಾದರಿ, ಬಲವನ್ನು ತಿಳಿಯಲು ಬೇರೊಂದು ಲೆಕ್ಕ, ರೂಪವನ್ನು ತಿಳಿಯಲು ಮತ್ತೊಂದು ಮಾದರಿ. ಒಂದೇ ಮಾದರಿಯಿಂದ ಎಲ್ಲವನ್ನೂ ಕೇಳುವಂತಿಲ್ಲ.

ಮಾದರಿಯನ್ನು ಮಾಡಲು ಆಸೆಯುಳ್ಳ ವಿದ್ಯಾರ್ಥಿಗಳು ಡಾರ್ಚೆಸ್ಟರಿನಿಂದಲೇ ಆರಂಭಿಸಬೇಕಾಗಿಲ್ಲ. ಮನೆಯ ಅಂಗಳದಲ್ಲಿಯೋ ನೆರೆಯವರ ಕಣದಲ್ಲಿಯೋ ನಿಂತಿರುವ ಟ್ರ್ಯಾಕ್ಟರಿನ ಟ್ರಾಲಿಯನ್ನು ಟೇಪಿನಿಂದ ಅಳೆಯಿರಿ. ಉದ್ದ, ಅಗಲ, ಎತ್ತರ, ಹಲಗೆಯ ದಪ್ಪ, ಚಕ್ರದ ವ್ಯಾಸಗಳನ್ನು ಬರೆದುಕೊಂಡು, ಎಲ್ಲವನ್ನೂ 35ರಿಂದ ಭಾಗಿಸಿ, ರಟ್ಟಿನಲ್ಲಿ ಕತ್ತರಿಸಿ ಜೋಡಿಸಿ. ಮುಗಿದ ಮೇಲೆ ಮಾದರಿಯ ಹತ್ತು ಭಾಗಗಳನ್ನು ಮತ್ತೆ ಅಳೆದು, 35ರಿಂದ ಗುಣಿಸಿ, ಟ್ರಾಲಿಯ ಅಳತೆಗಳ ಪಕ್ಕದಲ್ಲಿ ಬರೆಯಿರಿ. ಆ ಎರಡು ಸಾಲು ಅಂಕಿಗಳ ನಡುವಿನ ಅಂತರವೇ ನಿಮ್ಮ ಕೈಯ ನಿಜವಾದ ಅಳತೆ. ಮುಂದಿನ ಮಾದರಿಯಲ್ಲಿ ಆ ಅಂತರ ಅರ್ಧಕ್ಕಿಳಿದರೆ ನಿಮ್ಮ ಶ್ರಮ ಸಾರ್ಥಕವಾದಂತೆ.